ಮೊಮ್ಮಗಳ ಪಿಸ್ತೂಲು, ಇಬ್ಬರ ಬೀಗದ ಕೈ

2024ರ ಜುಲೈ ಕೊನೆಯ ವಾರದಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಿಂದ ನಮ್ಮ ಮನೆಗೆ ಎರಡು ಸುದ್ದಿ ಬಂದವು. ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಎರಡೇ ದಿನದಲ್ಲಿ ಸರಬ್ಜೋತ್ ಸಿಂಗ್ ಜೊತೆಗೂಡಿ ಇನ್ನೊಂದು ಕಂಚು ಗೆದ್ದರು. ಅದೇ ಮಿಶ್ರ ತಂಡದ ಸ್ಪರ್ಧೆಯಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಎಂಬ 51ರ ಹಿರಿಯರು ಒಂದು ಕೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು, ಸಂತೆಗೆ ಬಂದವರಂತೆ ನಿಂತು ಬೆಳ್ಳಿ ಹೊಡೆದುಕೊಂಡು ಹೋದರು. ಟಿ.ವಿ. ಮುಂದೆ ಕೂತಿದ್ದ ನನ್ನ ಮೊಮ್ಮಗಳಿಗೆ ಆಗ ಹದಿಮೂರು ವರ್ಷ. ಮನು ಅವಳಿಗೆ ಅಕ್ಕನಂತೆ ಕಂಡರೆ, ಡಿಕೆಚ್ ನನ್ನಂತೆ ಕಂಡರಂತೆ. "ತಾತ, ಇದಕ್ಕೆ ಓಡೋದು ಬೇಡ, ಹಾರೋದು ಬೇಡ. ನಾವಿಬ್ರೂ ಆಡಬಹುದು. ಒಂದು ಪಿಸ್ತೂಲು ಕೊಡಿಸು" ಎಂದಳು.

ಅವಳ ಅಮ್ಮ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು. "ಮಾವ, ಬೇರೆ ಏನು ಬೇಕಾದರೂ ಕೊಡಿಸಿ. ಮನೆಯೊಳಗೆ ಬಂದೂಕು ಮಾತ್ರ ಬೇಡ."

ಸೊಸೆಯ ಮಾತನ್ನು ಹೆದರಿಕೆ ಎಂದು ತಳ್ಳಿಹಾಕುವಂತಿರಲಿಲ್ಲ. ಅವಳ ತವರೂರಿನಲ್ಲಿ ಜೊತೆಗೆ ಓದುತ್ತಿದ್ದ ಹುಡುಗನೊಬ್ಬ ಹಕ್ಕಿ ಹೊಡೆಯುವವರ ಏರ್‌ಗನ್ನಿನ ಪೆಲೆಟ್ ಬಡಿದು ಒಂದು ಕಣ್ಣು ಕಳೆದುಕೊಂಡಿದ್ದ. ನಮ್ಮ ಮನೆಯಲ್ಲಿ ಮೊಮ್ಮಗಳ ತಮ್ಮ, ಆರು ವರ್ಷದ ಪೋರ, ಕಂಡದ್ದನ್ನೆಲ್ಲ ಬಿಚ್ಚಿ ನೋಡುವವನು. ಹಾಗಾಗಿ ಯಾವ ಪಿಸ್ತೂಲು ಒಳ್ಳೆಯದು ಎಂಬುದಕ್ಕಿಂತ, ಈ ತಾಯಿ ರಾತ್ರಿ ನೆಮ್ಮದಿಯಿಂದ ಮಲಗುವಂಥ ಪಿಸ್ತೂಲು ಇದೆಯೇ ಎಂಬುದೇ ನನ್ನ ಪ್ರಶ್ನೆಯಾಯಿತು.

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಬಂದೂಕಿನ ಪರಿಚಯ ಎರಡೇ ಕಡೆಯದು. ಮಡಿಕೇರಿ ಶಾಖೆಯಲ್ಲಿದ್ದಾಗ ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿದ್ದೆ. ಇನ್ನೊಂದು, ನಮ್ಮ ಶಾಖೆಯ ಕಾವಲುಗಾರರದು. ಅವರು ಸೈನ್ಯದಿಂದ ನಿವೃತ್ತರಾಗಿ ಬಂದವರು. ಜೋಡಿ ನಳಿಗೆಯ ಬಂದೂಕನ್ನು ಮೂಲೆಯಲ್ಲಿಡುವ ಮೊದಲು ದಿನವೂ ಮುರಿದು ತೆರೆದು, ಎರಡೂ ತೂತು ಖಾಲಿ ಇರುವುದನ್ನು ನಮಗೆ ತೋರಿಸುತ್ತಿದ್ದರು. "ಖಾಲಿ ಅಂತ ಕಣ್ಣಿಗೆ ಕಾಣೋವರೆಗೂ ತುಂಬಿದೆ ಅಂತಲೇ ತಿಳೀಬೇಕು ಸಾರ್" ಎನ್ನುತ್ತಿದ್ದರು.

ನಾನು ಮೊಮ್ಮಗಳಿಗೆ ಒಂದು ಷರತ್ತು ಹಾಕಿದೆ. ಎರಡು ತಿಂಗಳು ಪಿಸ್ತೂಲು ಕೊಳ್ಳುವ ಮಾತಿಲ್ಲ. ಮೈಸೂರಿನ ಒಂದು ರೇಂಜ್‌ಗೆ ಭಾನುವಾರ ಹೋಗಿ, ಅಲ್ಲಿಯ ಪಿಸ್ತೂಲಿನಲ್ಲೇ ಕಲಿಯಬೇಕು. ಉತ್ಸಾಹ ಎರಡು ತಿಂಗಳು ಉಳಿದರೆ ಆಮೇಲೆ ನೋಡೋಣ. ನೀವೂ ಮಕ್ಕಳಿಗೆ ಕೊಡಿಸುವ ಯೋಚನೆಯಲ್ಲಿದ್ದರೆ ಇದನ್ನೇ ಮಾಡಿ. ದುಡ್ಡೂ ಉಳಿಯುತ್ತದೆ, ಕೈಗೆ ಏನು ಬೇಕೆಂಬುದೂ ತಿಳಿಯುತ್ತದೆ.

ಅಲ್ಲಿಯ ತರಬೇತುದಾರರು ಮೊದಲ ದಿನ ಪಿಸ್ತೂಲು ಕೊಡಲೇ ಇಲ್ಲ. ನಿಯಮಗಳನ್ನು ಬಾಯಿಪಾಠ ಮಾಡಿಸಿದರು. ನಳಿಗೆಯ ಮೂತಿ ಯಾವಾಗಲೂ ಗುರಿಯ ಕಡೆಗೇ ಇರಬೇಕು. ಹೊಡೆಯುವ ಕ್ಷಣದವರೆಗೂ ಬೆರಳು ಟ್ರಿಗರ್ ಮೇಲೆ ಹೋಗಬಾರದು. ಗುರಿಯ ಹಿಂದೆ ಏನಿದೆ ಎಂದು ಗೊತ್ತಿಲ್ಲದೆ ಹೊಡೆಯಬಾರದು. ಕಣ್ಣಿಗೆ ಕನ್ನಡಕ ಇರಲೇಬೇಕು. ಪೆಲೆಟ್ ಸೀಸದ್ದಾದ್ದರಿಂದ ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನನ್ನೂ ತಿನ್ನಬಾರದು. ಮತ್ತೆ ನಮ್ಮ ಕಾವಲುಗಾರರು ಹೇಳುತ್ತಿದ್ದ ಅದೇ ಮಾತು.

ಮಕ್ಕಳೇ, ಏರ್ ಪಿಸ್ತೂಲಿನಲ್ಲಿ ಮದ್ದು ಇರುವುದಿಲ್ಲ. ಒತ್ತಿ ಹಿಡಿದ ಗಾಳಿಯೋ ಅನಿಲವೋ ಅರ್ಧ ಗ್ರಾಂ ತೂಕದ ಪುಟ್ಟ ಪೆಲೆಟನ್ನು ತಳ್ಳುತ್ತದೆ. ಆ ಗಾಳಿಯನ್ನು ಹೇಗೆ ಒತ್ತುತ್ತಾರೆ ಎಂಬುದರ ಮೇಲೆ ಪಿಸ್ತೂಲಿನ ಜಾತಿ. ನಾನು ಅಂಗಡಿ ಸುತ್ತಿ, ಹಳೆಯ ಲೆಡ್ಜರ್ ಅಭ್ಯಾಸದಂತೆ ನಾಲ್ಕು ಕಾಲಂ ಹಾಕಿ ಬರೆದುಕೊಂಡೆ.

ಮೊದಲನೆಯದು ಸ್ಪ್ರಿಂಗಿನದು. ನಳಿಗೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗ್ ಕುಗ್ಗಿ ನಿಲ್ಲುತ್ತದೆ. ಟ್ರಿಗರ್ ಒತ್ತಿದಾಗ ಬಿಚ್ಚಿಕೊಂಡು ಪಿಸ್ಟನ್ನನ್ನು ತಳ್ಳುತ್ತದೆ. ಬೆಲೆ ಕಡಿಮೆ, ಬಾಳಿಕೆ ಹೆಚ್ಚು. ಆದರೆ ಪೆಲೆಟ್ ನಳಿಗೆಯಿಂದ ಹೊರಬೀಳುವ ಮೊದಲೇ ಪಿಸ್ಟನ್ ಓಡಿ ಪಿಸ್ತೂಲು ಕುಲುಕುತ್ತದೆ. ಹೊಸಬರಿಗೆ ತಪ್ಪು ಕೈಯದೋ ಸ್ಪ್ರಿಂಗಿನದೋ ತಿಳಿಯುವುದಿಲ್ಲ.

ಎರಡನೆಯದು ಕಾರ್ಬನ್ ಡೈಆಕ್ಸೈಡಿನದು. ಬೆರಳುದ್ದದ, 12 ಗ್ರಾಂ ಅನಿಲದ ಸಿಲಿಂಡರ್ ಹಿಡಿಕೆಯೊಳಗೆ ಕೂರುತ್ತದೆ. ಕುಲುಕಾಟ ಕಡಿಮೆ. ಆದರೆ ಸಿಲಿಂಡರ್ ಖಾಲಿಯಾದಂತೆಲ್ಲ ಹೊಸದು ಕೊಳ್ಳಬೇಕು. ಹವೆ ತಣ್ಣಗಾದರೆ ಅನಿಲದ ಒತ್ತಡವೂ ತಗ್ಗಿ ಪೆಲೆಟ್ ನಿಧಾನವಾಗುತ್ತದೆ. ಈ ಜಾತಿಯಲ್ಲಿ ಎಷ್ಟೋ ಪಿಸ್ತೂಲುಗಳು ಪೊಲೀಸರ ಪಿಸ್ತೂಲಿನ ಪಡಿಯಚ್ಚು. ಕೆಲವು ಪೆಲೆಟ್ ಬದಲು ಉಕ್ಕಿನ ಗುಂಡು ಹಾರಿಸುತ್ತವೆ. ಗಟ್ಟಿ ಗೋಡೆಗೆ ಬಡಿದರೆ ಆ ಗುಂಡು ಹೊಡೆದವರ ಕಡೆಗೇ ಪುಟಿದು ಬರುತ್ತದೆ. ಅಂಗಡಿಯಲ್ಲಿ ಮಕ್ಕಳ ಕಣ್ಣು ಮೊದಲು ಹೋಗುವುದು ಇವುಗಳ ಮೇಲೇ. ನಾನು ಆ ಕಾಲಂಗೆ ಅಡ್ಡಗೆರೆ ಎಳೆದೆ.

ಮೂರನೆಯದು ಒಲಿಂಪಿಕ್ಸ್‌ನಲ್ಲಿ ಕಂಡದ್ದು. ನಳಿಗೆಯ ಕೆಳಗಿನ ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಟ್ಟಿರುತ್ತಾರೆ, 200 ಬಾರ್‌ವರೆಗೆ. ಕೈಯಲ್ಲಿ ಅಲುಗಾಟವೇ ತಿಳಿಯದು. ಮೊರಿನಿ, ಸ್ಟೈಯರ್, ವಾಲ್ಥರ್ ಎಲ್ಲ ಈ ಬಗೆಯ ಸ್ಪರ್ಧೆ ಪಿಸ್ತೂಲುಗಳ ಹೆಸರುಗಳು. ಬೆಲೆ ಲಕ್ಷ ದಾಟುತ್ತದೆ. ಗಾಳಿ ತುಂಬಲು ದೊಡ್ಡ ಸಿಲಿಂಡರೋ ಪಂಪೋ ಬೇರೆ ಬೇಕು. ಯಾರಾದರೂ ಹಳೆಯದನ್ನು ಮಾರುತ್ತೇನೆಂದರೆ ಸಿಲಿಂಡರಿನ ಮೇಲಿನ ತಾರೀಖು ನೋಡಿ. ಹತ್ತು ವರ್ಷ ದಾಟಿದ್ದನ್ನು ಸ್ಪರ್ಧೆಯಲ್ಲಿ ಒಪ್ಪುವುದಿಲ್ಲ. ಚೆಕ್ಕಿನ ತಾರೀಖು ನೋಡಿ ನೋಡಿ ಕಣ್ಣು ಪಳಗಿದ ನನಗೆ ಈ ವಿಷಯ ಬಹಳ ಹಿಡಿಸಿತು.

ನಾಲ್ಕನೆಯದು ಒಂದೇ ಅದುಮಿನದು. ಪಿಸ್ತೂಲಿನ ಮೇಲ್ಭಾಗ ಎತ್ತಿ, ಪೆಲೆಟ್ ಇಟ್ಟು, ಒಮ್ಮೆ ಅದುಮಿ ಮುಚ್ಚಿದರೆ ಒಂದು ಹೊಡೆತಕ್ಕೆ ಬೇಕಾದಷ್ಟು ಗಾಳಿ ತುಂಬುತ್ತದೆ. ಪ್ರತಿ ಸಲವೂ ಒತ್ತಡ ಒಂದೇ ಸಮ. ಕುಲುಕುವುದು ತೀರಾ ಕಡಿಮೆ. ಸಿಲಿಂಡರ್ ಬೇಡ, ಪಂಪ್ ಬೇಡ. ಒಂದೇ ತೊಂದರೆ, ಅದುಮಿ ಮುಚ್ಚಲು ದೊಡ್ಡವರ ತೋಳಬಲ ಬೇಕು. ಅಂಗಡಿಯಲ್ಲಿ ಮೊಮ್ಮಗಳು ಹಲ್ಲು ಕಚ್ಚಿ ಎರಡು ಕೈಯಲ್ಲಿ ಅದುಮಿದರೂ ಅದು ಮುಚ್ಚಲಿಲ್ಲ.

ಅಂಗಡಿಯವರು "ಮಗೂಗೆ ಇದು ಕಷ್ಟ ಸಾರ್" ಎಂದು ತೆಗೆದಿಡಲು ಹೋದರು. ಜೊತೆಗೆ ಬಂದಿದ್ದ ಸೊಸೆ ಕೇಳಿದಳು. "ಅಂದರೆ ದೊಡ್ಡವರು ಇಲ್ಲದಾಗ ಇದನ್ನು ಯಾರೂ ಹೊಡೆಯೋಕೆ ಆಗಲ್ಲವಾ?" ಅಂಗಡಿಯವರು ಇಲ್ಲವೆಂದರು. "ಹಾಗಾದರೆ ಇದೇ ಇರಲಿ ಮಾವ" ಎಂದಳು. ಅವರು ಕೊರತೆ ಎಂದದ್ದನ್ನೇ ಅವಳು ಗುಣ ಎಂದು ಲೆಕ್ಕ ಹಿಡಿದಿದ್ದಳು.

ಆದರೂ ಕೈಗೆ ಹೊಂದುತ್ತದೆಯೇ ಎಂದು ನೋಡದೆ ಹಣ ಎಣಿಸಲಿಲ್ಲ. ತರಬೇತುದಾರರು ಹೇಳಿಕೊಟ್ಟ ಪರೀಕ್ಷೆ ಸುಲಭ. ಖಾಲಿ ಪಿಸ್ತೂಲು ಹಿಡಿದು, ಕಣ್ಣು ಮುಚ್ಚಿ, ತೋಳು ಚಾಚಬೇಕು. ಕಣ್ಣು ತೆರೆದಾಗ ಮುಂದಿನ ಕಂಬಿ ಹಿಂದಿನ ಕಚ್ಚಿನ ನಡುವೆ ತಾನಾಗಿ ಕೂತಿದ್ದರೆ ಹಿಡಿಕೆ ನಿಮ್ಮದು. ಮಣಿಕಟ್ಟು ತಿರುಚಿ ಕೂರಿಸಬೇಕಾದರೆ ಅಲ್ಲ. ಟ್ರಿಗರಿಗೆ ತಾಗುವುದು ತೋರುಬೆರಳಿನ ತುದಿಯ ಮೆತ್ತನೆಯ ಭಾಗವಾಗಿರಬೇಕು. ಎಡಗೈಯವರಾದರೆ ಎರಡೂ ಕೈಗೆ ಹೊಂದುವ ಹಿಡಿಕೆ ಕೇಳಬೇಕು. ತೂಕವೂ ಮುಖ್ಯ. ಸ್ಪರ್ಧೆ ಪಿಸ್ತೂಲು 1500 ಗ್ರಾಂವರೆಗೆ ಇರಬಹುದು, ಹಿಡಿಯುವುದು ಒಂದೇ ಕೈಯಲ್ಲಿ. ಚಾಚಿದ ಕೈಯಲ್ಲಿ ಒಂದೂವರೆ ಸೇರಿನ ಚೊಂಬು ಹಿಡಿದು ನಿಂತು ನೋಡಿ, ಅರ್ಧ ನಿಮಿಷದಲ್ಲಿ ಅರ್ಥವಾಗುತ್ತದೆ. ನಾವು ತಂದದ್ದು ಅದಕ್ಕಿಂತ ಎಷ್ಟೋ ಹಗುರ.

ಪೆಲೆಟ್ 4.5 ಮಿಲಿಮೀಟರಿನದು, ಮೂತಿ ಚಪ್ಪಟೆ ಇರುವುದು. ಚೂಪು ಮೂತಿಯದು ಕಾಗದವನ್ನು ಹರಿಯುತ್ತದೆ. ಚಪ್ಪಟೆಯದು ಪಂಚಿಂಗ್ ಯಂತ್ರದಂತೆ ದುಂಡಗೆ ಕತ್ತರಿಸುತ್ತದೆ, ಅಂಕ ಎಣಿಸಲು ತಕರಾರಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ಹಲವರು ಕೇಳುತ್ತಾರೆ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ ನಳಿಗೆ 0.177 ಇಂಚು, ಅಂದರೆ ಈ 4.5 ಮಿಲಿಮೀಟರ್ ಮೀರದೆ, ಶಕ್ತಿ 20 ಜೌಲ್ ಮೀರದೆ ಇದ್ದರೆ ಲೈಸೆನ್ಸ್ ಬೇಡ. ಕಾಗದದ ಗುರಿಗೆ ಆರು ಜೌಲ್ ಧಾರಾಳ ಸಾಕು. ಆದ್ದರಿಂದ "ಇದರ ಪವರ್ ಜಾಸ್ತಿ" ಎನ್ನುವ ಮಾತಿಗೆ ಮರುಳಾಗಬೇಡಿ. ನನ್ನ ಆಧಾರ್ ತೋರಿಸಿ, ನನ್ನ ಹೆಸರಿನಲ್ಲೇ ಬಿಲ್ ಮಾಡಿಸಿದೆ. ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಅದು ಆಟಿಕೆಯಲ್ಲ. ಆರು ಜೌಲ್ ಒಂದು ಕಣ್ಣಿಗೆ ಬಹಳ ಹೆಚ್ಚು. ಹಕ್ಕಿಯ ಕಡೆಗಂತೂ ತಿರುಗಿಸುವಂತೆಯೇ ಇಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ವನ್ಯ ಪಕ್ಷಿಗಳ ಬೇಟೆ ಅಪರಾಧ.

ಮನೆಗೆ ತಂದ ಮೇಲೆ ಎಲ್ಲಿಡುವುದು? ಇದಕ್ಕೆ ಬ್ಯಾಂಕಿನಲ್ಲೇ ಉತ್ತರವಿತ್ತು. ನಮ್ಮ ಸ್ಟ್ರಾಂಗ್ ರೂಮಿಗೆ ಎರಡು ಬೀಗ. ಒಂದರ ಕೈ ಮ್ಯಾನೇಜರ ಬಳಿ, ಇನ್ನೊಂದು ಹೆಡ್ ಕ್ಯಾಷಿಯರ ಬಳಿ. ಒಬ್ಬರೇ ಬಂದು ತೆರೆಯುವಂತಿಲ್ಲ. ಒಬ್ಬರ ಮೇಲೆ ಇನ್ನೊಬ್ಬರಿಗೆ ಅಪನಂಬಿಕೆ ಎಂದಲ್ಲ, ಇಬ್ಬರಿಗೂ ರಾತ್ರಿ ನಿದ್ದೆ ಬರಲಿ ಎಂದು ಆ ಏರ್ಪಾಡು. ಪಿಸ್ತೂಲಿನ ಪೆಟ್ಟಿಗೆಗೆ ಒಂದು ಬೀಗ ಹಾಕಿ ಕೀ ಸೊಸೆಗೆ ಕೊಟ್ಟೆ. ಅದನ್ನಿಟ್ಟ ಬೀರುವಿನ ಕೀ ನನ್ನ ಬಳಿ. ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿ. ಜೊತೆಗೆ ಒಂದು ರಿಜಿಸ್ಟರ್: ತಾರೀಖು, ತೆಗೆದ ಪೆಲೆಟ್, ಹೊಡೆದದ್ದು, ಉಳಿದದ್ದು, ಇಬ್ಬರ ಸಹಿ. ಸೊಸೆ ಮೊದಲು ನಕ್ಕಳು, ಆಮೇಲೆ ಸಹಿ ಹಾಕಿದಳು.

ಮನೆಯ ಪಕ್ಕದ ಓಣಿ ಸರಿಯಾಗಿ ಹತ್ತು ಮೀಟರಿಗಿಂತ ತುಸು ಉದ್ದ. ತುದಿಯಲ್ಲಿ ಮರದ ಪೆಟ್ಟಿಗೆ, ಅದರೊಳಗೆ ಒತ್ತಿ ತುರುಕಿದ ಹಳೆಯ ಬಟ್ಟೆ, ಅದರ ಹಿಂದೆ ದಪ್ಪ ಕಬ್ಬಿಣದ ತಗಡು. ಓಣಿಯ ಎರಡೂ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಪಕ್ಕದ ಮನೆಯವರಿಗೆ ಹೇಳಿಯೇ ಆಟ ಶುರು. ಪೆಲೆಟ್ ಇಡುವವಳು ಅವಳು. ಮೂತಿ ಗುರಿಯ ಕಡೆಗಿಟ್ಟು ಅದುಮಿ ಮುಚ್ಚಿ, ಮೇಜಿನ ಮೇಲಿಟ್ಟು ಹಿಂದೆ ಸರಿಯುವವನು ನಾನು. ಆಮೇಲೆ ಅವಳು ಎತ್ತಿಕೊಳ್ಳುತ್ತಾಳೆ. ಒಂದು ಭಾನುವಾರಕ್ಕೆ ಮೂವತ್ತು ಹೊಡೆತ. ಅಷ್ಟಕ್ಕೇ ನನ್ನ ತೋಳು ಸಾಕು ಎನ್ನುತ್ತದೆ.

ಹೊಡೆಯುವಾಗ ಕೈ ನಡುಗುತ್ತದೆ ಎಂದು ಅವಳು ಮೊದಮೊದಲು ಅಳುಮುಖ ಮಾಡುತ್ತಿದ್ದಳು. ನಡುಗದ ಕೈ ಯಾರಿಗೂ ಇಲ್ಲ, ಪದಕ ಗೆದ್ದವರಿಗೂ ಇಲ್ಲ ಎಂದರು ತರಬೇತುದಾರರು. ಕಾರಣವನ್ನು ನಾನು ತ್ರೈರಾಶಿ ಹಾಕಿ ತೋರಿಸಿದೆ. ಗುರಿಯ ನಟ್ಟನಡುವಿನ ಹತ್ತಂಕದ ವೃತ್ತದ ಅಗಲ 11.5 ಮಿಲಿಮೀಟರ್. ಕಂಬಿಯೂ ಕಚ್ಚೂ ಸರಿಯಾಗಿ ಕೂತಿದ್ದು, ಕೈಯೆಲ್ಲ ಒಟ್ಟಾಗಿ ಐದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಪೆಲೆಟ್ಟೂ ಐದೇ ಮಿಲಿಮೀಟರ್ ಸರಿಯುತ್ತದೆ, ಹತ್ತರೊಳಗೇ ಬೀಳುತ್ತದೆ. ಆದರೆ ಕಂಬಿಗೂ ಕಚ್ಚಿಗೂ ನಡುವೆ 25 ಸೆಂಟಿಮೀಟರ್ ದೂರವಿದ್ದು, ಕಂಬಿ ಒಂದೇ ಒಂದು ಮಿಲಿಮೀಟರ್ ಓರೆಯಾದರೆ, ಹತ್ತು ಮೀಟರ್ ದೂರದಲ್ಲಿ ಅದು ನಲವತ್ತು ಮಿಲಿಮೀಟರ್! ಹತ್ತು ಬೀಳಬೇಕಾದಲ್ಲಿ ಐದೋ ಆರೋ. ಹಾಗಾಗಿ ಗುರಿಯನ್ನು ದಿಟ್ಟಿಸಬಾರದು, ಅದು ಮಸುಕಾಗಿಯೇ ಇರಲಿ. ಕಂಬಿಯನ್ನು ನೋಡಬೇಕು, ಟ್ರಿಗರನ್ನು ಮೆಲ್ಲಗೆ ಒತ್ತಬೇಕು. ನಡುಕ ನಿಲ್ಲಲಿ ಎಂದು ಕಾದು, ನಿಂತಂತೆ ಕಂಡಾಗ ಗಬಕ್ಕನೆ ಒತ್ತಿದರೆ ಕೆಟ್ಟಿತು.

ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಇದೇ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದವರು. ಹಿಂದಿನ ವರ್ಷ ಅವರ ಮುಖದ ಒಂದು ಭಾಗಕ್ಕೆ ಪಾರ್ಶ್ವವಾಯು ತಗುಲಿತ್ತು ಎಂದು ಹೇಳಿದ ಮೇಲೆ ಮೊಮ್ಮಗಳು ನಡುಕದ ಮಾತು ಎತ್ತಿಲ್ಲ.

ಮೂರನೆಯ ತಿಂಗಳಲ್ಲಿ ಒಂದು ಸಂಜೆ ರಿಜಿಸ್ಟರ್ ಹೊಂದಲಿಲ್ಲ. ಎರಡು ಪೆಲೆಟ್ ಕಡಿಮೆ. "ಎರಡೇ ತಾನೆ ಅಮ್ಮ" ಎಂದಳು ಮೊಮ್ಮಗಳು. ಸೊಸೆ ಒಪ್ಪಲಿಲ್ಲ. ಎರಡು ರೂಪಾಯಿ ಹೊಂದದಿದ್ದರೂ ರಾತ್ರಿ ಎಂಟರವರೆಗೆ ಶಾಖೆಯಲ್ಲಿ ಕೂತವನು ನಾನು. ಒಂದೂ ಮಾತಾಡದೆ ಟಾರ್ಚ್ ತಂದೆ. ಓಣಿ ಗುಡಿಸಿದೆವು, ಬಟ್ಟೆ ಕೊಡವಿದೆವು. ಕೊನೆಗೆ ಸಿಕ್ಕಿದ್ದು ಪೋರನ ಆಟಿಕೆ ಲಾರಿಯೊಳಗೆ. ಅಕ್ಕನ ಕೈಯಿಂದ ಜಾರಿ ಓಣಿಯಲ್ಲಿ ಬಿದ್ದದ್ದನ್ನು ಆಟ ಮುಗಿದ ಮೇಲೆ ಹೆಕ್ಕಿ, ಲಾರಿಗೆ "ಲೋಡ್" ಮಾಡಿದ್ದನಂತೆ. ಪುಣ್ಯಕ್ಕೆ ಬಾಯಿಗೆ ಹಾಕಿಕೊಂಡಿರಲಿಲ್ಲ. ಸೊಸೆ ಅವನ ಎರಡೂ ಕೈಯನ್ನು ಸೋಪು ಹಾಕಿ ಉಜ್ಜಿದಳು. ಯಾರನ್ನೂ ಬೈಯಲಿಲ್ಲ. ಆದರೆ ಅಂದಿನಿಂದ ಲೆಕ್ಕ ಹೊಂದಿದ ಮೇಲೆಯೇ ಓಣಿಯ ಚಿಲಕ ತೆಗೆಯುವುದು ಎಂಬ ಹೊಸ ನಿಯಮ ಬಂತು. ರಿಜಿಸ್ಟರ್ ಈಗ ಪೂರ್ತಿ ಅವಳದೇ. ನನಗಿಂತ ಒಳ್ಳೆಯ ಗುಮಾಸ್ತೆ.

ವರ್ಷ ಕಳೆದಿದೆ. ಮೊಮ್ಮಗಳ ತೋಳಿಗೆ ಬಲ ಬಂದಿದೆ. ಹೋದ ತಿಂಗಳು ಯಾರ ಸಹಾಯವೂ ಇಲ್ಲದೆ ಅದುಮಿ ಮುಚ್ಚಿದಳು. ಪಿಸ್ತೂಲು ಆರಿಸುವಾಗ ಯಾವ ಕಾರಣಕ್ಕೆ ಅದನ್ನು ಒಪ್ಪಿದ್ದೆವೋ ಆ ಕಾರಣ ಇನ್ನಿಲ್ಲ. ಸೊಸೆ ಏನೆನ್ನುತ್ತಾಳೋ ಎಂದು ನಾನು ನೋಡುತ್ತಿದ್ದೆ. ಅವಳು ತನ್ನ ಕೀಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು, "ಬೀಗ ಎರಡೇ ಇರಲಿ ಮಾವ, ನಿಮ್ಮ ತೋಳಿಗೆ ಮಾತ್ರ ರಜೆ" ಎಂದಳು. ಅಷ್ಟರಲ್ಲಿ ಪೋರ ಬಂದು ನನಗೆ ಯಾವಾಗ ಎಂದ. ಅಕ್ಕ ತಿರುಗಿ ನೋಡದೆ ಪಿಸ್ತೂಲು ತೆರೆದು, ಖಾಲಿ ತೂತನ್ನು ಅವನಿಗೆ ತೋರಿಸುತ್ತ ಹೇಳಿದಳು. "ಮೊದಲು ಎಣಿಸೋದು ಕಲಿ. ಆಮೇಲೆ ಅಮ್ಮನ್ನ ಕೇಳು."