ಆಗುಂಬೆ ಘಾಟಿಯಲ್ಲಿ ಎರಡನೇ ಗೇರ್

ನಮ್ಮಮ್ಮನಿಗೆ ಘಾಟಿ ಅಂದ್ರೆ ಮೂರು ವ್ಯವಸ್ಥೆ ಆಗಬೇಕು: ಒಂದು ನಿಂಬೆಹಣ್ಣು, ಎರಡು ಪ್ಲಾಸ್ಟಿಕ್ ಕವರ್, ಕಿಟಕಿ ಪಕ್ಕದ ಸೀಟು. ಕಳೆದ ವರ್ಷ ನಾನೇ ಮೊದಲ ಸಲ ಕಾರು ಓಡಿಸಿಕೊಂಡು ಆಗುಂಬೆ ಇಳಿದಾಗ ಇವು ಮೂರೂ ಸಾಲಲಿಲ್ಲ.

ಉಡುಪಿಯಲ್ಲಿ ಚಿಕ್ಕಮ್ಮನ ಮಗಳ ಮದುವೆ ಇತ್ತು. ಬೆಂಗಳೂರಿನಿಂದ ಹೊರಟು, ತೀರ್ಥಹಳ್ಳಿಯ ಸೋದರಮಾವನ ಮನೆಯಲ್ಲಿ ಉಳಿದು, ಬೆಳಿಗ್ಗೆ ಘಾಟಿ ಇಳಿಯೋದು ಅಂತ ಪ್ಲಾನ್. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಎರಡು ವರ್ಷ ಓಡಿಸಿದವಳು ನಾನು. ಧೈರ್ಯಕ್ಕೇನೂ ಕಮ್ಮಿ ಇರಲಿಲ್ಲ. "ನಿಧಾನ ಹೋಗು ಮಾರಾಯ್ತಿ" ಅಂತ ಮಾವ ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ತೀರ್ಥಹಳ್ಳಿಯಿಂದ ಆಗುಂಬೆಗೆ 30 ಕಿಲೋಮೀಟರ್ ಚಿಲ್ಲರೆ. ಅಲ್ಲಿಯವರೆಗೆ ಏರಿಳಿತವಿದ್ದರೂ ರಸ್ತೆ ಸೌಮ್ಯ. ಆಗುಂಬೆ ಪೇಟೆ ದಾಟಿ, ಸೂರ್ಯಾಸ್ತ ನೋಡೋ ಜಾಗ ಬಂತೋ ಇಲ್ಲವೋ, ನೆಲ ಒಮ್ಮೆಲೇ ಕೆಳಗಿಳಿಯುತ್ತದೆ. ಸೋಮೇಶ್ವರದವರೆಗೆ ಸುಮಾರು 10 ಕಿಲೋಮೀಟರ್, 14 ಹೇರ್‌ಪಿನ್ ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ತಗ್ಗು ಗೋಡೆ, ಅದರಾಚೆ ಬರೀ ಕಾಡಿನ ನೆತ್ತಿ.

ನಾನು ಮೂರನೇ ಗೇರಿನಲ್ಲೇ ಇಳಿಯುತ್ತಿದ್ದೆ. ತಿರುವು ಹತ್ತಿರ ಬಂದಾಗ ಬ್ರೇಕ್ ಒತ್ತೋದು, ಅರ್ಧ ತಿರುಗಿದ ಮೇಲೆ ಗಾಬರಿಯಿಂದ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟುಬಿಡೋದು. ಪ್ರತಿ ಸಲವೂ ಕಾರು ಎಡವಿದವರ ಹಾಗೆ ಮುಗ್ಗರಿಸುತ್ತಿತ್ತು. ಎಲ್ಲರ ತಲೆ ಮುಂದೆ ಹೋಗಿ ಹಿಂದೆ ಬರುತ್ತಿತ್ತು. ಐದನೇ ತಿರುವಿಗೇ ಅಮ್ಮ ಕವರ್ ಹಿಡಿದಿದ್ದಳು. ಹತ್ತನೆಯದರ ಹೊತ್ತಿಗೆ ಒಳಗೆಲ್ಲ ಏನೋ ಸುಟ್ಟ ವಾಸನೆ. ಬ್ರೇಕ್ ಪೆಡಲ್ ಮೊದಲಿಗಿಂತ ಕೆಳಗೆ ಹೋಗುತ್ತಿತ್ತು, ಮೆತ್ತಗಾಗಿತ್ತು. ಆ ಹೊತ್ತಿಗೇ ಎದುರಿನಿಂದ ಮಿನಿ ಬಸ್ಸು ತಿರುಗಿತು. ನನ್ನ ಕಾರು ನಿಂತಿತು, ನಿಜ. ಆದರೆ ನಾನು ಅಂದುಕೊಂಡ ಜಾಗಕ್ಕಿಂತ ಒಂದು ಮಾರು ಮುಂದೆ. ಬಸ್ಸಿನ ಡ್ರೈವರ್ ಬೈಯಲಿಲ್ಲ, ಸುಮ್ಮನೆ ನೋಡಿದರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು.

ಅಗಲವಾದ ಜಾಗ ನೋಡಿ ಕಾರು ಪಕ್ಕಕ್ಕೆ ಹಾಕಿ, ಅರ್ಧ ಗಂಟೆ ಕೂತೆವು. ಚಕ್ರಕ್ಕೆ ನೀರು ಸುರಿಯೋಣವೆಂದು ಬಾಟಲಿ ತೆಗೆದೆ. ಕೆಂಪಗೆ ಕಾದ ಹಂಚಿಗೆ ತಣ್ಣೀರು ಹಾಕಿದಂತೆ, ಡಿಸ್ಕ್ ಸೊಟ್ಟಗಾಗಬಹುದು ಅಂತ ಅಪ್ಪ ತಡೆದರು. ಗಾಳಿಗೆ ತಾನಾಗೇ ಆರಬೇಕು, ಅಷ್ಟೇ.

ಮದುವೆ ಮುಗಿಸಿ ವಾಪಸ್ ಬಂದಾಗ ಮಾವನಿಗೆ ಎಲ್ಲ ಹೇಳಿದೆ. ಅವರು ಇದೇ ಘಾಟಿಯಲ್ಲಿ ವರ್ಷಗಟ್ಟಲೆ ಮಿನಿ ಬಸ್ಸು ಓಡಿಸಿದವರು. ಪೂರ್ತಿ ಕೇಳಿ, ಕಾಫಿ ಲೋಟ ಕೆಳಗಿಟ್ಟು ಅಂದರು, "ಬ್ರೇಕ್ ಇರೋದು ಗಾಡಿ ನಿಲ್ಸೋಕೆ. ಘಾಟಿ ಇಳ್ಸೋದು ಇಂಜಿನ್ನು. ನೀನು ಎರಡೂ ಕೆಲಸ ಪಾಪ ಬ್ರೇಕಿನ ಹತ್ರನೇ ಮಾಡ್ಸಿದ್ದಿ."

ಅವತ್ತು ರಾತ್ರಿ ಕುತೂಹಲಕ್ಕೆ ಲೆಕ್ಕ ಹಾಕಿದೆ. ಜನ, ಲಗೇಜು ಸೇರಿ ನಮ್ಮ ಕಾರು ಸುಮಾರು 1,300 ಕೆ.ಜಿ. ಅದು 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿಯಲ್ಲಿ 20 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅಂದ್ರೆ ಮಾವನ ಬಚ್ಚಲುಮನೆಯ ಹಂಡೆ ಕಾಯಿಸುವಷ್ಟು ಬಿಸಿ. ಅದರಲ್ಲಿ ಹೆಚ್ಚಿನ ಪಾಲನ್ನು ನಾನು ಬ್ರೇಕಿನ ಮೇಲೇ ಹೊರಿಸಿದ್ದೆ. ಬ್ರೇಕ್ ದ್ರವ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸದಾಗಿದ್ದಾಗ ಡಾಟ್ 4 ದ್ರವ ಕುದಿಯೋಕೆ ಕನಿಷ್ಠ 230 ಡಿಗ್ರಿ ಬೇಕು. ತೇವ ಹಿಡಿದರೆ ಅದು 155ರ ಹತ್ತಿರಕ್ಕೆ ಇಳಿಯಬಹುದು. ದ್ರವ ಕುದ್ದರೆ ಒಳಗೆ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗುತ್ತದೆ. ನಾನು ಕಾರು ಕೊಂಡ ಮೇಲೆ ಅದನ್ನು ಒಮ್ಮೆಯೂ ಬದಲಾಯಿಸಿರಲಿಲ್ಲ.

ಮರುದಿನ ಬೆಳಿಗ್ಗೆಯೇ ದ್ರವ ಹಾಕಿಸಿ ಬಂದೆ. ತಿಂಡಿ ಆದ ಮೇಲೆ ಮಾವ ಪಕ್ಕದಲ್ಲಿ ಕೂತರು. ಮೊದಲ ಪಾಠ ಗುಡ್ಡೇಕೇರಿ ಕಡೆಯ ಸಣ್ಣ ಇಳಿಜಾರುಗಳಲ್ಲಿ. ಹಾಡು ಬಂದ್.

"ಈಗ ಮೂರರಲ್ಲಿದ್ದಿ. ಇಂಜಿನ್ ಎಂತ ರಾಗ ಹಾಡ್ತಾ ಉಂಟು ಕೇಳು. ಎರಡಕ್ಕೆ ಹಾಕಿದ್ರೆ ಅದು ಮೇಲಿನ ರಾಗ ಹಾಡ್ಬೇಕು. ನೀನು ಮೊದ್ಲೇ ಸ್ವರ ಕೊಡ್ಲಿಲ್ಲ ಅಂದ್ರೆ ಚಕ್ರ ಎಳೆದು ಹಾಡಿಸ್ತದೆ. ಅದೇ ನಿನ್ನ ಜರ್ಕು."

ಇದಕ್ಕಿಂತ ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ. ನನ್ನ ಕಾರು 30 ಕಿಲೋಮೀಟರ್ ವೇಗದಲ್ಲಿ ಮೂರನೇ ಗೇರಿನಲ್ಲಿದ್ದರೆ ಇಂಜಿನ್ ನಿಮಿಷಕ್ಕೆ ಸುಮಾರು 1,500 ಸುತ್ತು ತಿರುಗುತ್ತದೆ. ಅದೇ ವೇಗಕ್ಕೆ ಎರಡನೇ ಗೇರಿನಲ್ಲಿ 2,200 ಬೇಕು. ಕ್ಲಚ್ ಒತ್ತಿದಾಗ ಇಂಜಿನ್ ಸುತ್ತು ಬಿದ್ದುಹೋಗುತ್ತದೆ. ಹಾಗೇ ಕ್ಲಚ್ ಬಿಟ್ಟರೆ ಆ ವ್ಯತ್ಯಾಸ ಪೂರ್ತಿ ನಮ್ಮ ಕತ್ತಿಗೆ ಬೀಳುತ್ತದೆ. ಮಳೆಯಲ್ಲಾದರೆ ಟಯರಿಗೆ ಬಿದ್ದು ಚಕ್ರ ಜಾರಲೂಬಹುದು.

ಮಾವ ಕಲಿಸಿದ ಕ್ರಮ ಇಷ್ಟು. ತಿರುವಿಗೆ ಮುಂಚೆ, ರಸ್ತೆ ಇನ್ನೂ ನೇರ ಇರುವಾಗಲೇ ಬ್ರೇಕ್ ಹಾಕಿ ವೇಗ ಇಳಿಸಿ. ಬ್ರೇಕಿನಿಂದ ಕಾಲು ತೆಗೆದು ಕ್ಲಚ್ ಒತ್ತಿ, ಎರಡಕ್ಕೆ ಹಾಕಿ. ಕ್ಲಚ್ ಇನ್ನೂ ಒತ್ತಿರುವಾಗಲೇ ಆಕ್ಸಿಲರೇಟರನ್ನು ಒಂಚೂರು ಮುಟ್ಟಿ. ಇಂಜಿನ್ ಸಣ್ಣಗೆ 'ಹ್ಞೂಂ' ಅನ್ನಬೇಕು, ಅಷ್ಟೇ. ಆಮೇಲೆ ಕ್ಲಚ್ಚನ್ನು ಅರ್ಧದವರೆಗೆ ಬೇಗ, ಉಳಿದರ್ಧ ನಿಧಾನ ಬಿಡಿ. ಗೇರು ಬಿದ್ದ ಮೇಲೆಯೇ ಸ್ಟೀರಿಂಗ್ ತಿರುಗಿಸಿ. ಇಳಿಜಾರು ತೀರಾ ಕಡಿದಾಗಿದ್ದು ಬ್ರೇಕಿನಿಂದ ಕಾಲು ತೆಗೆಯೋಕೆ ಆಗದಿದ್ದರೆ, ಆ 'ಹ್ಞೂಂ' ಬಿಟ್ಟು ಕ್ಲಚ್ಚನ್ನೇ ಇನ್ನೂ ನಿಧಾನ ಬಿಡಿ.

"ಡಬಲ್ ಕ್ಲಚ್ ಬೇಡ್ವಾ ಮಾವ?" ಅಂತ ಕೇಳಿದೆ, ಎಲ್ಲೋ ಓದಿದ್ದೆ.

"ಅದು ನಮ್ಮ ಕಾಲದ ಗಾಡಿಗೆ. ನಿಂದು ಬೆಣ್ಣೆ ಹಾಗೆ ಬೀಳ್ತದಲ್ಲ" ಅಂದರು. ನಿಜ. ಈಗಿನ ಗೇರ್‌ಬಾಕ್ಸಿನಲ್ಲಿ ಸಿಂಕ್ರೊಮೆಶ್ ಇರುತ್ತದೆ, ಗೇರಿನ ಹಲ್ಲುಗಳು ಕಚ್ಚಾಡದಂತೆ ಅದೇ ನೋಡಿಕೊಳ್ಳುತ್ತದೆ. ಇಂಜಿನ್ನಿನ ಸುತ್ತು ಹೊಂದಿಸೋದು ಮಾತ್ರ ನಮ್ಮ ಪಾಲಿನ ಕೆಲಸ.

ಮಧ್ಯಾಹ್ನ ಆಗುಂಬೆ ಇಳಿದು, ಹತ್ತಿ, ಮತ್ತೆ ಇಳಿದೆವು. ಪೆಟ್ರೋಲ್ ಉಳಿಯುತ್ತೆ ಅಂತ ಒಂದು ಕಡೆ ನ್ಯೂಟ್ರಲ್ ಮಾಡಿದೆ. ಮಾವ ಕೈ ಮೇಲೆ ಪಟ್ಟನೆ ಹೊಡೆದರು. ಆಮೇಲೆ ತಿಳಿದುಕೊಂಡೆ: ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂದಿನ ಕಾರುಗಳು ಇಂಧನವನ್ನೇ ನಿಲ್ಲಿಸುತ್ತವೆ, ಚಕ್ರವೇ ಇಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಆರದಿರಲು ಪೆಟ್ರೋಲ್ ಬೇಕೇ ಬೇಕು. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಎದುರಿನಿಂದ ಹತ್ತಿ ಬರುವವರಿಗೆ ಇಳಿಯುವವರು ಜಾಗ ಬಿಡಬೇಕು ಅನ್ನೋದನ್ನೂ ಆವತ್ತೇ ಕಲಿತೆ. ಅದು ಸೌಜನ್ಯ ಮಾತ್ರವಲ್ಲ, ಘಾಟಿ ರಸ್ತೆಯ ನಿಯಮ.

ಮೊದಲ ಇಳಿತದಲ್ಲಿ 14ರಲ್ಲಿ ನಾಲ್ಕು ತಿರುವು ಸರಿಹೋದವು. ಎರಡನೆಯದರಲ್ಲಿ ಒಂಬತ್ತು. ಬೆಂಗಳೂರಿಗೆ ವಾಪಸ್ ಬಂದ ಮೇಲೂ ಫ್ಲೈಓವರ್ ಇಳಿಯುವಾಗೆಲ್ಲ ಅಭ್ಯಾಸ ಮಾಡಿದೆ. ನಿಮಗೆ ಘಾಟಿ ಸಿಗದಿದ್ದರೆ ಖಾಲಿ ಫ್ಲೈಓವರೂ ಆಗುತ್ತದೆ. ಆಟೊಮ್ಯಾಟಿಕ್ ಕಾರಿನವರು ಇಳಿಜಾರಿನಲ್ಲಿ ಕೆಳಗಿನ ಗೇರು ಹಿಡಿದಿಡುವ ಎಲ್ ಅಥವಾ ಮ್ಯಾನ್ಯುಯಲ್ ಮೋಡ್ ನಿಮ್ಮದರಲ್ಲಿ ಎಲ್ಲಿದೆ ಅಂತ ಮನೆಯಲ್ಲೇ ನೋಡಿಟ್ಟುಕೊಳ್ಳಿ.

ಈ ವರ್ಷ ಅದೇ ತಂಗಿಯ ಸೀಮಂತ. ಅದೇ ರಸ್ತೆ, ಅದೇ ಕಾರು. ಅಮ್ಮ ನಿಂಬೆಹಣ್ಣು, ಕವರ್ ಸಮೇತ ಕಿಟಕಿ ಪಕ್ಕ ಕೂತಳು. ಬಸ್ಸಲ್ಲಿ ಹೋಗೋಣ ಅಂತ ಎರಡು ಸಲ ಹೇಳಿ ನೋಡಿದ್ದಳು ಕೂಡ. ಆಗುಂಬೆ ಪೇಟೆ ದಾಟಿದ ಕೂಡಲೇ ಎರಡನೇ ಗೇರಿಗೆ ಬಂದೆ. ಕಾಲು ಬ್ರೇಕಿನ ಮೇಲಿದ್ದದ್ದಕ್ಕಿಂತ ಪಕ್ಕದಲ್ಲಿದ್ದದ್ದೇ ಹೆಚ್ಚು. ಹಿಂದಿನ ಕಾರಿನವರು ಹಾರ್ನ್ ಹೊಡೆದರು, ಜಾಗ ಸಿಕ್ಕಲ್ಲಿ ಬಿಟ್ಟುಕೊಟ್ಟೆ.

ಏಳೆಂಟನೇ ತಿರುವಿನಲ್ಲಿ ಅಮ್ಮನ ದನಿ ಕೇಳಿಸಿತು. ನನಗೆ ಎದೆ ಧಸಕ್ಕೆಂದಿತು. ನೋಡಿದರೆ ಅವಳು ಸೀಮಂತಕ್ಕೆ ತಂದ ಸೀರೆಯ ಬಣ್ಣದ ಬಗ್ಗೆ ಅಪ್ಪನ ಹತ್ತಿರ ವಾದ ಮಾಡುತ್ತಿದ್ದಳು. ಸೋಮೇಶ್ವರ ಬರುವವರೆಗೂ ಆ ವಾದ ಮುಗಿಯಲಿಲ್ಲ. ಹೆಬ್ರಿಯಲ್ಲಿ ಟೀಗೆ ಇಳಿದಾಗ ಚಕ್ರದ ಹತ್ತಿರ ಮೂಗಿಟ್ಟು ನೋಡಿದೆ. ಸುಟ್ಟ ವಾಸನೆ ಇರಲಿಲ್ಲ.

ಆ ನಿಂಬೆಹಣ್ಣು ಹಾಗೇ ಬೆಂಗಳೂರಿಗೆ ವಾಪಸ್ ಬಂತು. ಸೋಮವಾರದ ಚಿತ್ರಾನ್ನಕ್ಕೆ ಆಯಿತು.