ಎಂಟರ ಬಸ್ಸು

ಬೂವನಹಳ್ಳಿಯಲ್ಲಿ ನಾವು ಬಸ್ಸನ್ನು ಹೊತ್ತಿನ ಮೇಲೆ ಕರೆಯುತ್ತಿದ್ದೆವು. ಎಂಟರ ಬಸ್ಸು, ಹನ್ನೊಂದರ ಬಸ್ಸು, ಕಡೇ ಬಸ್ಸು. ಎಂಟರ ಬಸ್ಸು ಒಂಬತ್ತಕ್ಕೆ ಬಂದರೂ ಅದು ಎಂಟರ ಬಸ್ಸೇ. ಮನೆಯಲ್ಲಿ ಗಡಿಯಾರವಿರಲಿಲ್ಲ. ದೂರದಲ್ಲಿ ಅದರ ಹಾರನ್ ಕೇಳಿದ ಮೇಲೆಯೇ ಅವ್ವ ಮುದ್ದೆಗೆ ಎಸರಿಡುತ್ತಿದ್ದಳು. 1970ರ ಆಸುಪಾಸಿನ ಮಾತು. ಹಾಸನಕ್ಕೆ ಟಿಕೆಟ್ ನಾಲ್ಕಾಣೆ. ಪೈಸೆ ಬಂದು ಎಷ್ಟೋ ವರ್ಷವಾಗಿದ್ದರೂ ನಮ್ಮ ಬಾಯಲ್ಲಿ ಅದು ನಾಲ್ಕಾಣೆಯೇ.

ಆ ನಾಲ್ಕಾಣೆ ಅವ್ವನ ಸೆರಗಿನ ತುದಿಯ ಗಂಟಿನಲ್ಲಿರುತ್ತಿತ್ತು. ಕಂಡಕ್ಟರ್ ಎದುರಿಗೆ ಬಂದು ನಿಂತ ಮೇಲೆ ಹಲ್ಲಿನಿಂದ ಗಂಟು ಬಿಚ್ಚಿ ಕೊಡುತ್ತಿದ್ದಳು. ಅಪ್ಪ ಸಂತೆ ಖರ್ಚಿಗೆ ಕೊಟ್ಟ ದುಡ್ಡಿನಲ್ಲಿ ಉಳಿಸಿ, ನಾಗಂದಿಗೆಯ ಮೇಲಿನ ಸಾಸಿವೆ ಕುಡಿಕೆಯಲ್ಲಿ ಬಚ್ಚಿಟ್ಟ ಕಾಸು ಅದು. ತವರಿಗೆ ಹೋಗಬೇಕೆಂದರೆ ಆ ಕುಡಿಕೆ ತುಂಬಬೇಕಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಈಗ ನನ್ನ ಸೊಸೆ ಆಧಾರ್ ಕಾರ್ಡು ತೋರಿಸಿ, ಕಾಸಿಲ್ಲದ ಟಿಕೆಟ್ ಪಡೆದು, ಹೊಳೆನರಸೀಪುರದ ತವರಿಗೆ ಬೇಕೆಂದಾಗ ಹೋಗಿಬರುತ್ತಾಳೆ. ಅವ್ವ ಇದನ್ನು ಕಾಣಬೇಕಿತ್ತು.

ಬಸ್ಸಿನ ಒಳಗೆ ಕಾಲಿಟ್ಟರೆ ಡೀಸೆಲ್ಲು, ಬೀಡಿ, ಹೊಗೆಸೊಪ್ಪು, ಬೆವರು, ಯಾರದೋ ಮುಡಿಯ ಮಲ್ಲಿಗೆ ಎಲ್ಲ ಕಲಸಿದ ವಾಸನೆ. ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಕಂಬಳಿ ಮಡಿಸಿ ಹಾಕಿರುತ್ತಿದ್ದರು. ಹುಡುಗರಾದ ನಮಗೆ ಅದೇ ಸಿಂಹಾಸನ. ತೊಡೆ ಸುಡುತ್ತಿದ್ದರೂ ಇಳಿಯುತ್ತಿರಲಿಲ್ಲ, ಅಲ್ಲಿಂದ ರಸ್ತೆಯೆಲ್ಲ ಕಾಣುತ್ತಿತ್ತು. ಟಾಪಿನ ಮೇಲೆ ನಮ್ಮ ಕಡೆಯ ಆಲೂಗಡ್ಡೆ ಮೂಟೆ, ಚನ್ನರಾಯಪಟ್ಟಣದ ತೆಂಗಿನಕಾಯಿ, ಮಂಕರಿಯೊಳಗೆ ಕಾಲು ಕಟ್ಟಿದ ಕೋಳಿ. ಹಿಂದಿನ ಏಣಿ ಹತ್ತಿ ಅದನ್ನೆಲ್ಲ ಇಳಿಸುವವರೆಗೂ ಬಸ್ಸು ಕಾಯುತ್ತಿತ್ತು, ಒಳಗಿದ್ದವರೂ ಕಾಯುತ್ತಿದ್ದರು.

ಕಂಡಕ್ಟರ್ ಕೈಯಲ್ಲಿ ಒಂದೊಂದು ದರಕ್ಕೆ ಒಂದೊಂದು ಬಣ್ಣದ ಟಿಕೆಟ್ ಕಟ್ಟು, ಹೆಗಲಲ್ಲಿ ತೊಗಲು ಚೀಲ. ಪಂಚಿಂಗ್ ಯಂತ್ರವನ್ನು ಟಕಟಕ ಎನ್ನಿಸುತ್ತಲೇ ಮುಂದಕ್ಕೆ ಬರುತ್ತಿದ್ದ. ‘ಹೋಲ್ಡಾನ್’ ಎಂದರೆ ನಿಲ್ಲಬೇಕು, ‘ರೈಟ್’ ಎಂದರೆ ಹೊರಡಬೇಕು. ನಾನು ಕಲಿತ ಮೊದಲ ಇಂಗ್ಲಿಷು ಅದೇ. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಿದ್ದ. ಇಳಿಯುವಾಗ ನೆನಪಿಟ್ಟು ಕೇಳಿ ಪಡೆಯುವುದು ನನ್ನ ಕೆಲಸ. ಆ ಟಿಕೆಟ್ಟುಗಳನ್ನು ಎಕ್ಸರ್ಸೈಸ್ ಪುಸ್ತಕದ ನಡುವೆ ಇಟ್ಟುಕೊಂಡಿದ್ದೆ. ಕೆಲವು ಈಗಲೂ ಇವೆ, ಅಂಕಿ ಓದಬಹುದು. ಇವತ್ತಿನ ಯಂತ್ರದ ಚೀಟಿಯನ್ನು ಜೇಬಿನಲ್ಲಿಟ್ಟರೆ ಕೆಲವು ದಿನಕ್ಕೇ ಅಕ್ಷರ ಮಾಸಿಹೋಗುತ್ತದೆ.

ಅಜ್ಜಿಯ ಊರು ಅರಕಲಗೂಡು ಸೀಮೆಯದು. ಕಡೇ ಬಸ್ಸು ಅಲ್ಲಿ ನೈಟ್ ಹಾಲ್ಟು. ಡ್ರೈವರ್, ಕಂಡಕ್ಟರ್ ಇಬ್ಬರೂ ಬಸ್ಸಿನಲ್ಲೇ ಮಲಗುತ್ತಿದ್ದರು. ಅವರಿಗೆ ಊಟ ಸರದಿಯ ಮೇಲೆ ಒಂದೊಂದು ಮನೆಯದು. ಅಜ್ಜಿಯ ಸರದಿ ಬಂದ ದಿನ ಅವರೆಕಾಳಿನ ಸಾರು, ಮುದ್ದೆ, ಚೊಂಬಿನ ತುಂಬ ಮಜ್ಜಿಗೆ. ಲಾಟೀನು ಹಿಡಿದು ನಾನು ಮುಂದೆ, ಕುಕ್ಕೆ ಹೊತ್ತ ಅಜ್ಜಿ ಹಿಂದೆ. ಚಳಿಗಾಲದ ಬೆಳಗ್ಗೆ ಇಂಜಿನ್ನು ಏಳದಿದ್ದರೆ ಅದೇ ಊರವರು ಬಂದು ನೂಕುತ್ತಿದ್ದರು. ರಾಮನಾಥಪುರದ ಷಷ್ಠಿ ಜಾತ್ರೆಯ ದಿನಗಳಲ್ಲಂತೂ ಬಾಗಿಲಿನ ಸರಳಿಗೆ ಜೋತುಬಿದ್ದೇ ಹೋಗುವುದು.

ತಾತನ ನೆನಪು ಇನ್ನೂ ಹಿಂದಿನದು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡಿದ ಬಸ್ಸುಗಳಲ್ಲಿ ಹೋಗಿ ಬಂದವನು. ದಿಣ್ಣೆ ಬಂದರೆ ಗಂಡಸರೆಲ್ಲ ಇಳಿಯಬೇಕಿತ್ತಂತೆ. ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ತನ್ನದೇ ಸಾರಿಗೆ ಇಲಾಖೆ ಶುರುಮಾಡಿತು. 1961ರಲ್ಲಿ ಅದು ನಿಗಮವಾಯಿತು. 1973ರ ನವೆಂಬರಿನಲ್ಲಿ ರಾಜ್ಯದ ಹೆಸರು ಬದಲಾದಾಗ ಬಸ್ಸಿನ ಮೈಮೇಲಿನ ‘ಮೈಸೂರು’ ಅಳಿಸಿ ‘ಕರ್ನಾಟಕ’ ಬರೆದರು. ಒಂದು ಬಸ್ಸಿನಲ್ಲಿ ಮಳೆ ಬಿಸಿಲಿಗೆ ಹೊಸ ಬಣ್ಣ ಎದ್ದು, ಕೆಳಗಿನ ಹಳೆ ಹೆಸರು ಬಹಳ ದಿನ ಕಾಣುತ್ತಿತ್ತು. ಅದನ್ನು ನೋಡಲೆಂದೇ ನಾವು ರಸ್ತೆಬದಿಗೆ ಹೋಗುತ್ತಿದ್ದೆವು.

ಆ ಬಸ್ಸುಗಳು ಹೋಗಲೇಬೇಕಿತ್ತು, ಹೋದವು. ಗೇರು ಬದಲಿಸಲು ಡ್ರೈವರ್ ಎರಡೂ ಕೈ ಹಾಕುತ್ತಿದ್ದ. ಮಳೆ ಬಂದರೆ ತಾಟಪಾಲು ಇಳಿಬಿಟ್ಟರೂ ಅರ್ಧ ಮೈ ನೆನೆಯುತ್ತಿತ್ತು. ಈಗಿನ ಬಸ್ಸು ಒಳ್ಳೆಯದು. ನಮ್ಮ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣವೇ ಎದ್ದೇಳುವ ಕಾಲ ಇದು.

ಆದರೂ ಒಂದು ಆಸೆ ಉಳಿದಿದೆ. ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದಾಗ ವಾರ್ಮಿನ್‌ಸ್ಟರ್ ಎಂಬ ಪೇಟೆಯಿಂದ ಇಂಬರ್ ಎಂಬ ಹಳ್ಳಿಗೆ ಹಳೆ ಬಸ್ಸಿನಲ್ಲಿ ಹೋಗಿಬಂದೆ. 1943ರಲ್ಲಿ ಸೈನ್ಯದ ತಾಲೀಮಿಗೆಂದು ಖಾಲಿ ಮಾಡಿಸಿದ ಊರು ಅದು. ಜನ ಮತ್ತೆ ಬಂದು ನೆಲೆಸಲಿಲ್ಲ. ಅಂಥ ಊರಿಗೆ 2009ರಿಂದ ಬೇಸಿಗೆಯ ಒಂದು ದಿನ ಲಂಡನ್ನಿನ ಕೆಂಪು ರೂಟ್‌ಮಾಸ್ಟರ್ ಬಸ್ಸುಗಳನ್ನು ಓಡಿಸುತ್ತಾರೆ. ದಿನನಿತ್ಯದ ಸೇವೆಯಿಂದ 2005ರಲ್ಲೇ ನಿಂತ ಬಸ್ಸುಗಳು. ದೊಡ್ಡವರಿಗೆ ಹತ್ತು ಪೌಂಡು, ಮಕ್ಕಳಿಗೆ ಒಂದು. ಖರ್ಚು ಕಳೆದು ಉಳಿದ ಹಣ ದಾನಕ್ಕೆ. ತಾತಂದಿರು ಮೊಮ್ಮಕ್ಕಳನ್ನು ಮೇಲಂತಸ್ತಿಗೆ ಹತ್ತಿಸಿ, ಗಂಟೆಯ ಹಗ್ಗ ಎಲ್ಲಿದೆ ಎಂದು ತೋರಿಸುತ್ತಿದ್ದರು.

ನಮ್ಮಲ್ಲಿ ರೈಲಿಗೆ ಆ ಭಾಗ್ಯವಿದೆ. ಮೈಸೂರಿನ ರೈಲು ಮ್ಯೂಸಿಯಂ 1979ರಷ್ಟು ಹಳೆಯದು. ಬಸ್ಸಿಗೆ ಕಾನೂನೇ ಅಡ್ಡ. ಐವತ್ತು ವರ್ಷ ದಾಟಿದ ವಾಹನಗಳ ವಿಂಟೇಜ್ ನೋಂದಣಿಗೆ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮ ಸ್ವಂತ ಬಳಕೆಯ ಕಾರು, ಬೈಕುಗಳಿಗೆ ಮಾತ್ರ. ಇತ್ತ 2023ರ ಏಪ್ರಿಲ್‌ನಿಂದ ಹದಿನೈದು ವರ್ಷ ತುಂಬಿದ ಸರ್ಕಾರಿ ವಾಹನದ ನೋಂದಣಿ ಮುಂದುವರಿಯುವುದಿಲ್ಲ, ನಿಗಮದ ಬಸ್ಸುಗಳೂ ಸೇರಿ. ಹೊಗೆ, ಬ್ರೇಕು ನೋಡಿದರೆ ಅದು ಸರಿಯಾದ ನಿರ್ಧಾರವೇ. ಒಂದೆರಡು ಬಸ್ಸಿಗಾದರೂ ವಿನಾಯಿತಿ ಕೊಡಲಿ. ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ಒಮ್ಮೆ ಹಾಸನದಿಂದ ಹೊಳೆನರಸೀಪುರಕ್ಕೆ ಒಂದು ಕೆಂಪು ಬಸ್ಸು ಓಡಲಿ, ಟಾಪಿನ ಏಣಿ ಸಮೇತ. ಅದಕ್ಕೆ ಮೊದಲು ನಿಮ್ಮಿಂದ ಆಗುವ ಕೆಲಸವೊಂದಿದೆ: ನಿಮ್ಮ ಮನೆಯಲ್ಲಿ ತಾತನೋ ಅಪ್ಪನೋ ಕಂಡಕ್ಟರ್ ಆಗಿದ್ದರೆ, ಅವರ ಪಂಚಿಂಗ್ ಯಂತ್ರ, ತೊಗಲು ಚೀಲ, ಸೀಟಿಗಳನ್ನು ಗುಜರಿಗೆ ಹಾಕಬೇಡಿ.