ಅಪ್ಪನ ಪದ್ಮಿನಿ

ಅಪ್ಪ ಇರುವವರೆಗೂ ತಮ್ಮ 1976ರ ಪದ್ಮಿನಿಯ ಸ್ಟೀರಿಂಗನ್ನು ನನ್ನ ಕೈಗೆ ಕೊಟ್ಟವರಲ್ಲ. "ನಿನಗೆ ಭಾರವಾಗುತ್ತೆ ಕಣಮ್ಮ" ಎನ್ನುತ್ತಿದ್ದರು. ಅವರು ಹೋದಮೇಲೆ 1089 ಸಿಸಿಯ ಆ ಮುದಿ ಕಾರು ನನ್ನ ಪಾಲಿಗೆ ಬಂತು. ಗುಜರಿಗೆ ಹಾಕು ಎಂದರು ಅಣ್ಣಂದಿರು. ನಾನು ಕೇಳಲಿಲ್ಲ.

"ಡೈನಮೊ ತೆಗೆದು ಆಲ್ಟರ್ನೇಟರ್ ಹಾಕೋಣ ಅಕ್ಕಾ, ಸಿಗ್ನಲ್‌ನಲ್ಲಿ ನಿಂತಾಗ ದೀಪ ಮಂಕಾಗಲ್ಲ. ಸೀಟ್ ಬೆಲ್ಟೂ ಬೇಕು" ಎಂದ ಮೆಕ್ಯಾನಿಕ್. ಎರಡಕ್ಕೂ ಹೂಂ ಎಂದೆ. ಸ್ಟೀರಿಂಗ್ ಪಕ್ಕದ ಗೇರನ್ನು ಕೆಳಗಿಳಿಸೋಣವೇ ಎಂದಾಗ ಮಾತ್ರ ಬೇಡವೆಂದೆ. ಅದರ ಗುಂಡಿ ಅಪ್ಪನ ಅಂಗೈಯಲ್ಲಿ ಸವೆದದ್ದು.

ಈಗ ದಿನಾ ಆಫೀಸಿಗೆ ಅದರಲ್ಲೇ ಹೋಗುತ್ತೇನೆ. ಡ್ರಮ್ ಬ್ರೇಕು, ಹಾಗಾಗಿ ಮುಂದಿನ ಗಾಡಿಗೆ ಅಂತರ ಬಿಡುತ್ತೇನೆ. ತಿರುವಿನಲ್ಲಿ ಸ್ಟೀರಿಂಗ್ ಭಾರವೇ, ಅಪ್ಪ ಹೇಳಿದ್ದು ಸುಳ್ಳಲ್ಲ. ಆದರೂ ಒಮ್ಮೆ ಕೊಟ್ಟು ನೋಡಬಹುದಿತ್ತು.